ಮೂಲೆ ಕತ್ತರಿಸಿದ ಕಾರ್ಡು

ಕಲಾವಿದೆಯರ ಸಂಘದ ಹಳೆಯ ಸದಸ್ಯತ್ವದ ಕಾರ್ಡುಗಳನ್ನು ದಾಖಲೆ ಸಂಗ್ರಹಕ್ಕೆಂದು ವಿಂಗಡಿಸಲು ಬಂದಿದ್ದೆವು. ವಿಂಗಡಣೆ ಶುರುಮಾಡುವ ಮೊದಲೇ ಮಳೆ ಹಿಡಿಯಿತು, ಕರೆಂಟು ಹೋಯಿತು. ನಮ್ಮಲ್ಲಿ ಕಿರಿಯವಳು, ಮಣ್ಣಿನ ಮೂರ್ತಿ ಮಾಡುವವಳು, ಅವತ್ತೇ ಸಂಘ ಬಿಡುವ ಪತ್ರ ಕೊಟ್ಟಿದ್ದಳು. ಅಕ್ಷರ ಗಂಡನದು, ಸಹಿ ಅವಳದು. "ನಂದೇ ಇಷ್ಟ, ಯಾರೂ ಬಲವಂತ ಮಾಡಿಲ್ಲ," ಎಂದು ಕೇಳದವರಿಗೂ ಹೇಳುತ್ತಿದ್ದಳು. ಹೆಣ್ಣಿನ ಇಷ್ಟವನ್ನು ಗಂಡಸಿನ ಕೈಬರಹದಲ್ಲಿ ಓದಿ ಓದಿ ನಮ್ಮ ಕಣ್ಣು ಸವೆದಿದೆ, ಆದರೂ ಮೇಣದಬತ್ತಿ ಹುಡುಕುವ ನೆಪದಲ್ಲಿ ಅತ್ತಿತ್ತ ಸರಿದೆವು. ಹುಡುಗಿಯಾಗಿದ್ದಾಗಿನಿಂದ ಆ ಕಾರ್ಡುಗಳನ್ನು ನೋಡಿಕೊಂಡು ಬಂದ ಅಜ್ಜಿ ಮಾತ್ರ ಕುರ್ಚಿ ಎಳೆದು ಅವಳೆದುರು ಕೂತರು.

"ಹತ್ರ ಬನ್ರೇ ಎಲ್ಲಾ... ನೀನೂ ಬಾರೇ, ಮೊಬೈಲ್ ಆಮೇಲೆ ನೋಡು, ನಿನ್ ಗಂಡ ಎಲ್ಲೂ ಓಡಿಹೋಗಲ್ಲ, ಅಂಥವರು ಓಡಿಹೋಗೋದೇ ಇಲ್ಲ. ನಾನು ಆಗಿನ್ನೂ ಇಲ್ಲಿ ಟೈಪ್ ಮಾಡೋಕೆ ಸೇರಿದ್ದೆ. ಯಾರಾದ್ರೂ ಸಂಘ ಬಿಟ್ರೆ ಕಾರ್ಡು ಹರೀತಿರಲಿಲ್ಲ, ಒಂದು ಮೂಲೆ ಕತ್ತರಿಸಿ ಅದೇ ಡ್ರಾಯರಲ್ಲಿ ಇಡ್ತಿದ್ವಿ. ಅಷ್ಟೇ... ಕಚಕ್ ಅಂದ್ರೆ ಒಬ್ಬ ಚಿತ್ರಗಾರ್ತಿ ಇಲ್ಲ.

ಒಬ್ಬಳಿದ್ಲು, ಉಗುರಲ್ಲಿ ಯಾವಾಗ್ಲೂ ನೀಲಿ ಬಣ್ಣ, ನೀಲಕ್ಕ ಅಂತಲೇ ಕರೀತಿದ್ವಿ. ಒಂದಿನ ಅವಳ ಗಂಡನ ಪತ್ರ ಬಂತು, ನನ್ನ ಹೆಂಡತಿಗೆ ಇನ್ನು ಪುರುಸೊತ್ತಿಲ್ಲ ಅಂತ. ಕಾರ್ಯದರ್ಶಿಯಮ್ಮ ಅವಳನ್ನ ಒಂದು ಮಾತು ಕೇಳಿದ್ರಾ? ಯಾಕ್ ಕೇಳ್ತಾರೆ? ದೊಡ್ಡಮನುಷ್ಯರ ಸಹಿ ಇತ್ತಲ್ಲ! ಕತ್ತರಿಸಿಬಿಟ್ರು. ಪಾಪ ನೀಲಕ್ಕ, ವರ್ಷದ ಪ್ರದರ್ಶನಕ್ಕೆ ಅಂತ ಹಳೇ ಬೆಡ್‌ಶೀಟಿನಲ್ಲಿ ಚಿತ್ರ ಸುತ್ಕೊಂಡು ಬಂದ್ರೆ, 'ಸದಸ್ಯರಲ್ಲದವರದ್ದು ಗೋಡೆಗೆ ಹಾಕೋ ಹಾಗಿಲ್ಲಮ್ಮ' ಅಂದ್ರು. 'ನಾನು ಬಿಟ್ಟೆನಾ? ಯಾವಾಗ?' ಅಂದ್ಲು. ಕಾರ್ಡು ಇಸ್ಕೊಂಡು, ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸ್ತಾ ಎಷ್ಟು ಹೊತ್ತು ನಿಂತಿದ್ಲೋ... ಹೋದ್ಲು. ಆ ವರ್ಷವೇ ಹೆರಿಗೆಯಲ್ಲಿ ತೀರಿಕೊಂಡ್ಲು.

ಸುದ್ದಿ ಬಂದ ಮಾರನೇ ದಿನ ಡ್ರಾಯರು ತೆಗೀತೀನಿ, ನೀಲಕ್ಕನ ಕಾರ್ಡಿಗೆ ಮೂಲೆ ಇದೆ! ಅಂಟಿಸಿದ್ದಲ್ಲ ಕಣ್ರೇ, ನೀಲಿ ಬಣ್ಣದಲ್ಲಿ ಬಿಡಿಸಿದ್ದು... ಕಾಗದವೇ ಇಲ್ಲದ ಕಡೆ ಬಣ್ಣ ಹೇಗೆ ನಿಲ್ಲುತ್ತೆ ಹೇಳಿ? ನಿಂತಿತ್ತು. ಯಾರೋ ಆಟ ಆಡ್ತಿದಾರೆ ಅಂತ ಕಾರ್ಯದರ್ಶಿಯಮ್ಮ ನಮ್ಮನ್ನೆಲ್ಲ ಬೈದು ಮತ್ತೆ ಕತ್ತರಿಸಿದ್ರು. ಬೆಳಗ್ಗೆ ಮತ್ತೆ ಇತ್ತು. ಇನ್ನೊಂದ್ಸಲ ಕತ್ತರಿ ಒತ್ತಿದ್ರು ನೋಡಿ, ಅದು ಕಾಗದ ಕತ್ತರಿಸಿದ ಹಾಗಿರಲಿಲ್ಲ... ಉಗುರು ತೀರಾ ಒಳಗೆ ಕತ್ತರಿಸಿಕೊಂಡ್ರೆ ಜೀವ ಹೋಗುತ್ತಲ್ಲ, ಹಾಗೆ ಚೀರಿ ಕತ್ತರಿ ಬಿಸಾಕಿದ್ರು. ಆಮೇಲೆ ಆ ಡ್ರಾಯರಿನ ಹತ್ರವೇ ಸುಳಿಯಲಿಲ್ಲ.

ಅಲ್ಲಿಗೇ ಮುಗೀತು ಅಂದ್ಕೊಂಡ್ರಾ? ಅವಳು ತನ್ನ ಕಾರ್ಡೊಂದೇ ನೋಡ್ಕೊಂಡು ಹೋಗೋಳಾ? ಗಂಡ, ಮಾವ, ಅಣ್ಣ, ಮಗ... ಇಂಥವರು ಸಂಘ ಬಿಡಿಸಿದವರ ಕಾರ್ಡುಗಳೆಲ್ಲ ಒಂದೊಂದಾಗಿ ಮೂಲೆ ತುಂಬಿಕೊಂಡ್ವು. ತಾವಾಗೇ ಬಿಟ್ಟವರದ್ದು ಮಾತ್ರ ಮೊಂಡಾಗೇ ಉಳೀತು. ಅವರಿಷ್ಟಕ್ಕೆ ಅವಳು ಕೈ ಹಾಕಲಿಲ್ಲ."

ಕಿರಿಯವಳು ಡ್ರಾಯರಿನ ಕಡೆ ತಿರುಗಿ, "ಅಜ್ಜಿ, ನನ್ನ ಪತ್ರ..." ಎಂದಳು.

"ತಗೊಂಡೆನಲ್ಲ ತಾಯಿ. ನಿನ್ನಿಷ್ಟ ಅಂದ್ಯಲ್ಲ, ನಂಬಿದೆ. ನೀನು ಕೊಟ್ಟ ತಕ್ಷಣ ನಿನ್ನ ಕಾರ್ಡಿನ ಮೂಲೆ ಕತ್ತರಿಸಿ ಒಳಗೆ ಹಾಕಿದೀನಿ. ಹೋಗು, ನೀನೇ ತೆಗೆದು ನೋಡು... ಅಂಚು ಮಾತ್ರ ಹಿಡ್ಕೋಬೇಡ ಮಗಳೇ, ಬಣ್ಣ ಇನ್ನೂ ಹಸಿ ಇರುತ್ತೆ."