ಗೆದ್ದವನ ರುಮಾಲು

ಲಿಂಗಸುಗೂರಿನಲ್ಲಿ ನಿಜಾಮ್ ಸರ್ಕಾರದ ಬಸ್ಸಿಗೆ ಕಾಯುತ್ತಿದ್ದ ಜಂಬಮ್ಮನ ಕಿವಿಗೆ ಪಕ್ಕದ ಕಟ್ಟೆಯ ಮಾತು ಬಿತ್ತು. ಮುದಗಲ್ಲಿನ ಕುಸ್ತಿ ಗೆದ್ದ ಎಳೆಯ ಪೈಲ್ವಾನ, ಬಹುಮಾನದ ರೇಷ್ಮೆ ರುಮಾಲನ್ನು ತಲೆಗೆ ಸುತ್ತದೆ ತೊಡೆಯ ಮೇಲಿಟ್ಟುಕೊಂಡಿದ್ದ. ಜೊತೆಗೆ ಅವನ ಉಸ್ತಾದ.

"ಸುತ್ತಿಕೊಳ್ಳೋ ಗದ್ದೆಪ್ಪ. ಇವತ್ತ ಗಂಡಸಾದಿ."

"ಕುಸ್ತಿಗೆ ಮೊದಲ ಕೈಗೆ ಮಣ್ಣು ಕೊಡುವಾಗ ಎದುರಿನ ಪೈಲ್ವಾನ ನನ್ನ ಕಿವ್ಯಾಗ ಹೇಳಿದ್ದ ಉಸ್ತಾದ್. ಬಲಭುಜಕ್ಕ ಪೆಟ್ಟಾಗೈತಿ, ಅದೊಂದು ಬಿಡು ಅಂತ."

"ನೀ ಏನಂದಿ?"

"ಹೂಂ ಅಂದೆ."

"ಮತ್ತ?"

"ಸೋಲತೀನಿ ಅನ್ನಿಸ್ತು. ಅದನ್ನ ಹಿಡಿದು ತಿರುವಿದೆ."

"ಯಾರರ ಕೇಳಿಸ್ಕೊಂಡಾರೇನು?"

"ಇಲ್ಲ."

"ಅವ ಯಾರಿಗರ ಹೇಳಿದನೇನು?"

"ಇಲ್ಲ. ಎದ್ದು ಬಂದು, ಎಲ್ಲಾರ ಮುಂದ ನನ್ನ ಕೈ ಎತ್ತಿ ಹಿಡಿದ."

ಬಸ್ಸು ಬಂತು. ಉಸ್ತಾದ ಎದ್ದು ಬಸ್ಸಿನ ಕಡೆ ಹೊರಟ.

"ಎಡಗೈಲೆ ಎತ್ತಿದ, ಉಸ್ತಾದ್," ಎನ್ನುತ್ತ ಗದ್ದೆಪ್ಪ ರುಮಾಲನ್ನು ಕಂಕುಳಲ್ಲಿ ಅವುಚಿಕೊಂಡು ಹಿಂದೆ ನಡೆದ.