ಆಯಿಲ್ ಕುಡಿಯುತ್ತಿದ್ದ ಎ-ಫಾರ್ಟಿ

ಅಪರಾತ್ರಿ. ಕೈಯಲ್ಲಿ ಖಾಲಿ ಬಾಟಲಿ. ವಲ್ಲೈ ಬಯಲಿನ ಅಂಚಿನಲ್ಲಿ, ಏತದ ಬಾವಿಯ ಕಡೆಗೆ ಒಬ್ಬಳೇ ನಡೆಯುತ್ತಿದ್ದಾಗ ತವಮಲರ್‌ಗೆ ನೆನಪಾದದ್ದು ದೆವ್ವವಲ್ಲ... ಅಕ್ಕನ ಗಂಡ ಕನಕಲಿಂಗಂ ಆಡಿದ್ದ ಮಾತು.

"ಕೋಳಿಗೂಡಿನಿಂದ ಎತ್ತಿಕೊಂಡು ಬಂದ ಕಾರು. ಮೊಟ್ಟೆ ಬೇಕಾದ್ರೆ ಇಡುತ್ತೆ, ಓಡೋದಿಲ್ಲ. ಅದೂ ಒಬ್ಬ ಹೆಂಗಸಿನ ಕೈಯಲ್ಲಿ!"

ನಾಲ್ಕು ಜನರ ಮುಂದೆ ಆಡಿದ ಮಾತು. ಆಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟಿನ ಮೇಲಿನ ಕೋಳಿ ಹಿಕ್ಕೆ ಕೆರೆಯುತ್ತಲೇ ಇದ್ದಳು.

ಇದು ನಮ್ಮ ಉರುಂಪಿರಾಯಿಯಲ್ಲಿ, ನಮ್ಮದೇ ಓಣಿಯವಳಿಗೆ ಆದದ್ದು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ತಾಳೆಗರಿ ಬೇಲಿ, ಅಷ್ಟೆ. ಯಾರೋ ಹೇಳಿದ್ದನ್ನು ಹೇಳುತ್ತಿಲ್ಲ.

ಎ-ಫಾರ್ಟಿ ಅಂದರೆ ಜಾಫ್ನಾದಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅಜ್ಜಂದಿರ ಕಾಲದ ಗುಂಡು ಬೆನ್ನಿನ ಕಾರು. ಇವತ್ತಿಗೂ ಮದುಮಕ್ಕಳು ಮೆರವಣಿಗೆಗೆ ಅದನ್ನೇ ಕೇಳುತ್ತಾರೆ. ತವಮಲರ್ ಈರುಳ್ಳಿ ಹೊಲದಲ್ಲಿ ಕೂಲಿ ಮಾಡುತ್ತಲೇ ಟ್ರ್ಯಾಕ್ಟರ್ ಕಲಿತವಳು. ಕೋಳಿ ಸಾಕುವವನೊಬ್ಬನ ಹಿತ್ತಲಲ್ಲಿ ಆ ಕಾರು ಸಿಕ್ಕಿತು. ತೊಳೆದಳು, ಬಣ್ಣ ಹೊಡೆಸಿದಳು, ಬಾಡಿಗೆಗೆ ಬಿಟ್ಟಳು. ಮೂರು ಬಾಗಿಲು ತೆರೆದವು. ಮುಂದಿನ ಎಡ ಬಾಗಿಲು ಮಾತ್ರ ತೆರೆಯಲಿಲ್ಲ. ಕಾರು ರಿಪೇರಿಯ ಮಾರ್ಕಂಡು ಮೇಸ್ತ್ರಿ ಸಲಾಕೆ ಹಾಕಿ ಮೀಟಿ, ಬೆರಳು ಜಜ್ಜಿಕೊಂಡು, "ಇದು ಒಳಗಿನಿಂದ ಹಿಡ್ಕೊಂಡ ಹಾಗಿದೆ ಅಕ್ಕ" ಎಂದು ಕೈಬಿಟ್ಟ. ಬಾಡಿಗೆಯವರೆಲ್ಲ ಹಿಂದೆಯೇ ಕೂರುತ್ತಿದ್ದರು.

ಬಾಗಿಲಿಲ್ಲದೆ ಬದುಕಬಹುದು. ತೊಂದರೆ ಬೇರೆ ಇತ್ತು. ಕಾರು ಆಯಿಲ್ ಕುಡಿಯುತ್ತಿತ್ತು. ಪೆಟ್ರೋಲಲ್ಲ, ಎಂಜಿನ್ ಆಯಿಲ್. ನೆಲದ ಮೇಲೆ ಒಂದು ಹನಿ ಸೋರಿಲ್ಲ, ಆದರೆ ಆಯಿಲ್ ಅಳೆಯುವ ಕಡ್ಡಿ ಎತ್ತಿ ನೋಡಿದರೆ ಒಣಗಿದೆ. ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ. ಓಣಿಯ ಮಕ್ಕಳು ಅದಕ್ಕೆ ಕೊಳ್ಳಿದೆವ್ವ ಎಂದು ಹೆಸರಿಟ್ಟಿದ್ದವು. ಮಾರ್ಕಂಡು ಗ್ಯಾಸ್ಕೆಟ್ ಬದಲಿಸಿದ, ವಾಲ್ವ್ ಸೀಲ್ ಬದಲಿಸಿದ, ಅಂಬಲಿಯಂಥ ದಪ್ಪ ಆಯಿಲ್ ಹಾಕಿ ನೋಡಿದ.

"ಎಂಜಿನ್ ಒಳಗಿನ ಪಿಸ್ಟನ್ ರಿಂಗು ಸವೆದಿದೆ ಅಕ್ಕ. ಹಲ್ಲಿಲ್ಲದ ಮುದುಕನ ಬಾಯಿ ಇದ್ದ ಹಾಗೆ. ಹಾಕಿದ್ದು ಒಳಗೆ ನಿಲ್ಲೋದಿಲ್ಲ. ಈ ಅಳತೆಯ ಹೊಸ ರಿಂಗು ಈಗ ಎಲ್ಲೂ ಸಿಗಲ್ಲ."

"ಹಾಲು ಕೊಡೋ ಎಮ್ಮೆಗೆ ಹಿಂಡಿ ಹಾಕಲ್ವಾ? ಹಾಕ್ತೀನಿ ಬಿಡು," ಅಂದಳು ತವಮಲರ್. ಡಿಕ್ಕಿಯಲ್ಲಿ ಸದಾ ಆಯಿಲ್ ಬಾಟಲಿ ಇಟ್ಟುಕೊಂಡೇ ಓಡಿಸಿದಳು.

ಆಮೇಲೆ ಕನಕಲಿಂಗಂ ಕೊಲಂಬೊದ ಒಬ್ಬ ಸಿರಿವಂತನನ್ನು ಹುಡುಕಿದ. ಹಳೇ ಕಾರು ಕೊಂಡು ಸಾಲಾಗಿ ನಿಲ್ಲಿಸುವ ಹುಚ್ಚಿನವನು. ನಾಳೆ ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗುತ್ತಾನಂತೆ. ತವಮಲರ್‌ಗೆ ಒಂದು ಮಾತು ಹೇಳುವ ಗೋಜಿಗೂ ಹೋಗದೆ ವ್ಯಾಪಾರ ಮುಗಿಸಿದ್ದ.

"ಎಷ್ಟು ದಿನ ಅಂತ ಹೊಗೆ ಕುಡೀತೀಯಾ, ಮಲರ್? ಎಲ್ಲಾದರೂ ನಡುದಾರಿಯಲ್ಲಿ ಎಂಜಿನ್ ಹಿಡ್ಕೊಂಡ್ರೆ ಗುಜರಿಯವನೂ ಮುಟ್ಟಲ್ಲ."

ಅವಳಿಗೆ ರೇಗಿತು. "ನಾಳೆ ಬೆಳಿಗ್ಗೆ ಈ ಕಾರು ತನ್ನ ಕಾಲಲ್ಲೇ ಬಂದು ನನ್ನ ಅಂಗಳದಲ್ಲಿ ನಿಂತಿದ್ರೆ ನನ್ನದು. ಹಗ್ಗ ಕಟ್ಟಿ ಎಳ್ಕೊಂಡು ಬಂದ್ರೆ ನಿಮ್ಮ ಕೊಲಂಬೊದವರದ್ದು. ಬೀಗದ ಕೈ ನಾನೇ ಕೊಡ್ತೀನಿ, ಭಾವ."

ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. ತವಮಲರ್ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡವಳಲ್ಲ, ಅದು ಎಲ್ಲರಿಗೂ ಗೊತ್ತು. ಆ ರಾತ್ರಿ ಮದುವೆ ಮನೆಯಿಂದ ನಾದಸ್ವರದವರನ್ನು ವಲ್ಲೈ ಬಯಲಿನ ಆಚೆಯ ನೆಲ್ಲಿಯಡಿಗೆ ಬಿಟ್ಟು ಬರುವ ಬಾಡಿಗೆ ಇತ್ತು. "ಸಾಕ್ಷಿಗೆ ನಾನೂ ಬರ್ತೀನಿ" ಎಂದು ಕನಕಲಿಂಗಂ ಹತ್ತಿಕೊಂಡ.

ನಾದಸ್ವರದವರು ನೆಲ್ಲಿಯಡಿಯಲ್ಲಿ ಇಳಿದರು. ಅಲ್ಲಿ ಭಾವ ಡಿಕ್ಕಿಯಿಂದ ತೆಗೆದುಕೊಟ್ಟ ಒಂದು ಬಾಟಲಿ ಆಯಿಲ್ ಸುರಿದು ಕಾರು ತಿರುಗಿಸಿದಳು. ಕನಕಲಿಂಗಂ ಹಿಂದಿನ ಸೀಟಿನಲ್ಲಿ ಯಜಮಾನನ ಹಾಗೆ ಹರಡಿಕೊಂಡಿದ್ದ.

ವಲ್ಲೈ ಬಯಲಲ್ಲಿ ಮರವಿಲ್ಲ, ಮನೆಯಿಲ್ಲ. ಉಪ್ಪು ನೆಲ, ಗಾಳಿ. ಬಯಲು ಕಾಯುವ ಮುನಿದೇವರಿಗೆ ಕರ್ಪೂರ ಹಚ್ಚದೆ ಹಗಲಲ್ಲೂ ಯಾವ ಡ್ರೈವರನೂ ದಾಟುವುದಿಲ್ಲ.

"ಮುನಿಯಪ್ಪನ ಗುಡಿ ಬಂದಾಗ ನಿಲ್ಲಿಸು, ಕರ್ಪೂರ ಹಚ್ಚೋಣ," ಅಂದ ಕನಕಲಿಂಗಂ.

"ಹೋಗುವಾಗ ಹಚ್ಚಿದ್ದೀನಲ್ಲ, ಭಾವ. ಮುನಿಗೇನು ಅಷ್ಟು ಮರೆವಾ?"

ಅಷ್ಟರಲ್ಲಿ ಶುರುವಾಯಿತು.

ಟಕ್... ಟಕ್... ಟಕಟಕಟಕ...

ಎಂಜಿನ್ನಿನ ತಲೆಯಿಂದ ಬರುವ ಸದ್ದು. ಆಯಿಲ್ ಪ್ರೆಷರಿನ ಮುಳ್ಳು ಸತ್ತ ಹಲ್ಲಿಯ ಬಾಲದ ಹಾಗೆ ಕೆಳಗೆ ಬಿದ್ದಿತ್ತು. ತವಮಲರ್ ಆ ಕ್ಷಣವೇ ಎಂಜಿನ್ ಆರಿಸಿದಳು. ಕಾರು ಅಷ್ಟು ದೂರ ಉರುಳಿ ಬಯಲಿನ ಅಂಚಿನಲ್ಲಿ ನಿಂತಿತು. ಗಾಳಿಯೂ ನಿಂತ ಹಾಗಾಯಿತು. ಕಾದ ಕಬ್ಬಿಣ ಆರುವ ಸದ್ದು ಮಾತ್ರ... ಟಿಣ್... ಟಿಣ್...

ಇಳಿದು ಡಿಕ್ಕಿ ತೆಗೆದಳು. ಖಾಲಿ ಬಾಟಲಿ ಒಂದೇ ಇತ್ತು.

"ಭಾವ, ಬಾಕಿ ಆಯಿಲ್ ಬಾಟಲಿ ಎಲ್ಲಿ?"

ಕನಕಲಿಂಗಂ ಗಾಜಿನಾಚೆಯ ಕತ್ತಲು ನೋಡತೊಡಗಿದ.

"ಭಾವ?"

"ಅದು... ಡೋಲು ಇಡೋಕೆ ಜಾಗ ಬೇಕು ಅಂದ್ರು. ಮದುವೆ ಮನೆಯಲ್ಲೇ ಇಳಿಸಿದೆ."

"ಅವರು ಅಂದ್ರು, ನೀವು ಇಳಿಸಿದ್ರಿ."

"ಒಂದು ಬಿಟ್ಟಿದ್ದೆನಲ್ಲ!"

"ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಅಂತ ಗಾದೆ ಕೇಳಿದ್ದೆ. ನೀವು ನನ್ನ ಕಣ್ಣು ಮುಚ್ಚಿ ಎಣ್ಣೇನೇ ಎತ್ತಿಟ್ರಲ್ಲ!"

"ಮೆಲ್ಲಗೆ... ಮೆಲ್ಲಗೆ ಮಾತಾಡು, ಮಲರ್. ಇದು ವಲ್ಲೈ." ಅವನ ದನಿ ಈಗಾಗಲೇ ಪಿಸುಮಾತಾಗಿತ್ತು. "ಫೋನ್ ಮಾಡ್ಲಾ? ಯಾರಾದರೂ ಟ್ರ್ಯಾಕ್ಟರ್ ತರ್ತಾರೆ."

"ಹಗ್ಗ ಕಟ್ಟೋಕಾ?"

ಆಗ ಕೇಳಿಸಿತು. ಕ್ರೀ...ಯ್. ಸ್ವಲ್ಪ ತಡೆದು, ದುಳುಂ. ಮತ್ತೆ... ಕ್ರೀ...ಯ್. ಏತದ ಸದ್ದು. ಯಾರೋ ಬಾವಿಯಲ್ಲಿ ನೀರು ಸೇದುತ್ತಿದ್ದಾರೆ. ಆ ಕಡೆ ಒಂದು ಮನೆಯ ಕಪ್ಪು ಆಕಾರವೂ ಕಂಡಿತು.

"ಈ ಹೊತ್ತಲ್ಲಿ ಯಾರು ನೀರು ಸೇದ್ತಾರೆ?" ಪಿಸುಗುಟ್ಟಿದ ಕನಕಲಿಂಗಂ.

"ನೀರು ಬೇಕಾದವರು."

ಖಾಲಿ ಬಾಟಲಿ ಹಿಡಿದು ಅವಳು ಹೊರಟಳು. ಹಿಂದೆ ಅವನು ಗಾಜುಗಳನ್ನೆಲ್ಲ ಏರಿಸಿಕೊಳ್ಳುವ ಸದ್ದು... ಗರಗರಗರ.

ಆ ನಡಿಗೆಯಲ್ಲೇ ಅವಳಿಗೆ ಮೊಟ್ಟೆ ಇಡುವ ಕಾರಿನ ಮಾತು ನೆನಪಾದದ್ದು. ಆ ಮಾತೇ ಅವಳನ್ನು ಬಾವಿಯವರೆಗೂ ದೂಡಿತು. ಇಲ್ಲದಿದ್ದರೆ ತಿರುಗಿ ಬಂದುಬಿಡುತ್ತಿದ್ದೆ ಅಂತ ನನ್ನ ಹತ್ತಿರ ತಾನೇ ಹೇಳಿದ್ದಾಳೆ.

ಬಾವಿಯ ಬಳಿ ಒಬ್ಬ ಹೆಂಗಸು. ಬೆನ್ನು ಈ ಕಡೆಗೆ. ನರೆತ ತುರುಬು, ಹತ್ತಿ ಸೀರೆ. ಕೊಡಕ್ಕೆ ನೀರು ಬಗ್ಗಿಸುತ್ತಿದ್ದಳು.

"ಅಮ್ಮಾ... ಕಾರು ನಿಂತುಬಿಟ್ಟಿದೆ. ಒಂದಿಷ್ಟು ಎಣ್ಣೆ..."

ಕೇಳುತ್ತ ಕೇಳುತ್ತಲೇ ತವಮಲರ್‌ಗೆ ನಾಚಿಕೆಯಾಯಿತು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾವ ಮನೆಯಿಂದಲೂ ಎಣ್ಣೆ ಹೊರಗೆ ಹೋಗುವುದಿಲ್ಲ. ಹೆತ್ತ ಮಗಳು ಕೇಳಿದರೂ ತಾಯಿ ಕೊಡುವುದಿಲ್ಲ. ಲಕ್ಷ್ಮಿ ಎದ್ದು ಹೋಗುತ್ತಾಳೆ ಅಂತ.

ಆ ಹೆಂಗಸು ತಿರುಗಲಿಲ್ಲ. "ಕಡಿಮೆಯಾಯ್ತಾ?" ಅಂದಳು. ದಿನಾ ಕೇಳುವವರ ಹಾಗೆ.

"ಹೌದಮ್ಮ."

"ತೆಂಗಿನೆಣ್ಣೇನೇ ಇರೋದು."

"ಅದೇ ಸಾಕು."

ಇದರಲ್ಲಿ ವಿಚಿತ್ರವೇನಿಲ್ಲ. ಯುದ್ಧದ ವರ್ಷಗಳಲ್ಲಿ ಪೆಟ್ರೋಲನ್ನು ಈ ಕಡೆಗೆ ಬಿಡುತ್ತಿರಲಿಲ್ಲ. ಆಗ ನಮ್ಮ ಕಾರುಗಳೆಲ್ಲ ಸೀಮೆಎಣ್ಣೆಯಲ್ಲಿ ಓಡಿದವು, ಎಂಜಿನ್ ಆಯಿಲ್ ಇಲ್ಲದೆ ತೆಂಗಿನೆಣ್ಣೆ ಕುಡಿದವು. ಕಾರು ಹೋದಲ್ಲೆಲ್ಲ ವಡೆ ಕರಿದ ವಾಸನೆ. ಅದು ಆ ಕಾಲದ ಮಾತು. ಈಗ ಅಂಗಡಿ ತುಂಬ ಆಯಿಲ್ ಇದೆ. ಕಾರಿಗೆ ತೆಂಗಿನೆಣ್ಣೆ ಆಗಬಹುದು ಅಂತ ಈಗಿನವರಿಗೆ ಹೊಳೆಯುವುದೂ ಇಲ್ಲ.

"ಸದ್ದು ಕೇಳಿದಾಗಲೇ ಅಂದ್ಕೊಂಡೆ," ಅಂದಳು ಹೆಂಗಸು.

ಬಾವಿ ಕಟ್ಟೆಯ ಮೇಲೆ ಗಾಜಿನ ಬಾಟಲಿಯೊಂದು ಇತ್ತು. ತುಂಬಿತ್ತು. ಬಾಯಿಗೆ ತೆಂಗಿನ ನಾರು ತುರುಕಿತ್ತು. ಆಕೆ ಮನೆಯೊಳಗೆ ಹೋದದ್ದನ್ನು ತವಮಲರ್ ನೋಡಿರಲಿಲ್ಲ.

"ದುಡ್ಡು..."

"ಅವರಿಗೆ ಹೇಳು. ಊಟ ಮುಚ್ಚಿಟ್ಟಿದ್ದೀನಿ. ಆರಿಹೋಗುತ್ತೆ."

"ಯಾರಿಗಮ್ಮ?"

"ಕಾರಲ್ಲಿ ಕೂತಿದಾರಲ್ಲ."

ಭಾವನ ಗುರುತಿರಬೇಕು ಅಂದುಕೊಂಡಳು ತವಮಲರ್. ಜಾಫ್ನಾದಲ್ಲಿ ಯಾರು ಯಾರ ನೆಂಟರಲ್ಲ? ಬಾಟಲಿ ಎತ್ತಿಕೊಂಡು ತಿರುಗಿದಳು. ಹಿಂದೆ ಆಕೆ ಮತ್ತೆ ಕೊಡಕ್ಕೆ ನೀರು ಬಗ್ಗಿಸಿದ್ದು ಕಡೆಗಣ್ಣಿಗೆ ಕಂಡಿತು. ಏತ ಕಿರುಗುಟ್ಟಿತು... ಆದರೆ ನೀರು ಬಿದ್ದ ಸದ್ದು ಕೇಳಲಿಲ್ಲ.

ತವಮಲರ್ ಓಡಲಿಲ್ಲ. ಜೋರಾಗಿ ನಡೆದಳು. ಎರಡೂ ಬೇರೆ ಬೇರೆ ಅಂತ ಇವತ್ತಿಗೂ ಜಗಳ ಮಾಡುತ್ತಾಳೆ.

ಕಾರಿನ ಹಿಂದಿನ ಸೀಟಿನಲ್ಲಿ ಕನಕಲಿಂಗಂ ಮೂಲೆಗೆ ಅಂಟಿಕೊಂಡಿದ್ದ. ಗಾಜು ಎರಡು ಬೆರಳಷ್ಟು ಇಳಿಸಿದ.

"ಮಲರ್... ಮುಂದೆ ಯಾರೋ ಕೂತಿದಾರೆ."

"ಎಲ್ಲಿ?"

"ಎಡಗಡೆ. ನೀನು ಹೋದ ಮೇಲೆ ಸೀಟಿನ ಸ್ಪ್ರಿಂಗ್ ಕಿರ್ ಅಂತು. ಆಮೇಲೆ... ಗಂಟಲು ಸರಿಮಾಡ್ಕೊಂಡ್ರು."

ಅವಳು ನೋಡಿದಳು. ಸೀಟು ಖಾಲಿ.

"ಬಾಟಲಿ ಕದ್ದವರಿಗೆ ಹಾಗೆಲ್ಲ ಕೇಳಿಸುತ್ತೆ," ಅಂದಳು.

ಬಾನೆಟ್ ಎತ್ತಿ ಎಣ್ಣೆ ಸುರಿದಳು. ಗುಳು... ಗುಳು... ಗುಳು. ತಣ್ಣಗಿನ ತೆಂಗಿನೆಣ್ಣೆಯ ವಾಸನೆ. ಬಾಟಲಿ ಬರಿದಾಗುವವರೆಗೂ ಕಾದು, ಬಂದು ಕೂತು, ಸ್ಟಾರ್ಟ್ ಮಾಡಿದಳು. ಟಕಟಕ ಇಲ್ಲ. ಮುಳ್ಳು ಎದ್ದು ನಿಂತಿತು. ಗೆದ್ದೆ ಅನ್ನಿಸಿತು ಅವಳಿಗೆ. ಆ ಗೆಲುವಿನಲ್ಲಿ ಭಾವನನ್ನು ಕೆಣಕುವ ಮನಸ್ಸಾಯಿತು.

"ಬಾವಿ ಹತ್ತಿರ ಒಬ್ಬ ಅಮ್ಮ ಇದಾರೆ. ನಿಮಗೆ ಹೇಳಿ ಕಳಿಸಿದಾರೆ. ಊಟ ಮುಚ್ಚಿಟ್ಟಿದಾರಂತೆ. ಆರಿಹೋಗುತ್ತಂತೆ."

ಕನಕಲಿಂಗಂ ಹಿಂದಿನಿಂದ ಎಡಗಡೆ ಸೀಟಿನ ಕಡೆಗೆ ಬೆರಳು ತೋರಿಸಿದ.

ಮುಂದಿನ ಎಡ ಬಾಗಿಲಿನ ಹಿಡಿ ತಿರುಗಿತು. ಟಕ್.

ಬಾಗಿಲು ತೆರೆಯಿತು. ಕಿರ್ರ್ರ್... ಸಲಾಕೆಗೂ ಬಗ್ಗದ ಬಾಗಿಲು. ಕಾರಿನ ಎಡಭಾಗ ಮೆಲ್ಲಗೆ ಮೇಲಕ್ಕೆದ್ದಿತು, ದಪ್ಪ ಆಳೊಬ್ಬ ಇಳಿದ ಹಾಗೆ. ಆಮೇಲೆ ಬಾಗಿಲು ಮುಚ್ಚಿಕೊಂಡಿತು. ದಡಾರನೆ ಅಲ್ಲ. ಕಾರು ಸಾಕಿದವರು ಮುಚ್ಚುವ ಹಾಗೆ, ಅಂಗೈ ಒತ್ತಿ... ಧಪ್.

ಜಲ್ಲಿಕಲ್ಲಿನ ಮೇಲೆ ಚಪ್ಪಲಿ ಸದ್ದು. ಚರ್... ಚರ್... ಚರ್... ಬಾವಿಯ ಕಡೆಗೆ. ಏತದ ಸದ್ದು ನಿಂತಿತು.

ತವಮಲರ್ ಗೇರು ಹಾಕಿ ಮನೆಯ ಕಡೆಗೆ ಬಿಟ್ಟಳು. ಮುನಿಯಪ್ಪನ ಗುಡಿಯೂ ಹಿಂದಾಯಿತು, ಕನಕಲಿಂಗಂ ಕರ್ಪೂರದ ಮಾತೆತ್ತಲಿಲ್ಲ. ಬೆಳಿಗ್ಗೆ ಕೊಲಂಬೊದವನು ಬಂದಾಗ ಕಾರು ಅಂಗಳದಲ್ಲಿ ತನ್ನ ಕಾಲ ಮೇಲೆ ನಿಂತಿತ್ತು. ಅವನನ್ನು ವಾಪಸ್ ಕಳಿಸಿದ್ದು ಕನಕಲಿಂಗಂನೇ. "ಮಾರೋದಿಲ್ಲ ಸ್ವಾಮಿ, ಹೋಗಿ" ಅಂದನಂತೆ, ಕಾರಿನ ಹತ್ತಿರಕ್ಕೂ ಬರದೆ.

ತವಮಲರ್ ಸುಮ್ಮನಿರಲಿಲ್ಲ. ಹಗಲಲ್ಲೇ ಬಾಟಲಿ ವಾಪಸ್ ಕೊಡಲು ಹೋದಳು. ಮನೆ ಇತ್ತು. ಬಾವಿಯೂ ಇತ್ತು, ಏತ ಇರಲಿಲ್ಲ. ಮೋಟಾರು ಕೂರಿಸಿ ಬಹಳ ಕಾಲವಾಯಿತಂತೆ. ಅಲ್ಲಿ ಬಾಡಿಗೆಗಿದ್ದ, ಹೊಸದಾಗಿ ಮದುವೆಯಾದವಳೊಬ್ಬಳು ಬಾಗಿಲು ತೆಗೆದಳು. ಮುದುಕಿ ಯಾರೂ ಇಲ್ಲ ಅಂದಳು. ಆಮೇಲೆ ಬಾಟಲಿ ನೋಡಿ ಕಣ್ಣು ಕಿರಿದು ಮಾಡಿದಳು.

"ಅಯ್ಯೋ, ಇದು ನಮ್ಮ ಅಡುಗೆಮನೆ ಬಾಟಲಿ! ನಿಮ್ಮ ಹತ್ತಿರ ಹೇಗೆ ಬಂತಕ್ಕ?" ತವಮಲರ್ ಬಾಯಿ ತೆರೆಯುವ ಮುಂಚೆಯೇ ಅವಳೇ ದನಿ ತಗ್ಗಿಸಿದಳು. "ರಾತ್ರಿ ಊಟದ ಪುಟ್ಟು ಉಳಿದಿತ್ತು. ಮುಚ್ಚಿಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ತಟ್ಟೆ ತೊಳೆದು ಬೋರಲು ಹಾಕಿದೆ. ನನ್ನ ಗಂಡ ಜನ್ಮದಲ್ಲಿ ತಟ್ಟೆ ತೊಳೆದವರಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು."

ಆ ಕಾರು ಮೊದಲು ಯಾರದ್ದು ಅಂತ ಮಾರ್ಕಂಡು ಅವರಿವರನ್ನು ಕೇಳಿ ತಿಳಿದುಕೊಂಡು ಬಂದ. ಅರಿಯರತ್ನಂ ಅಂತ ಬಾಡಿಗೆ ಡ್ರೈವರ್ ಒಬ್ಬರದ್ದು. ವಲ್ಲೈ ಅಂಚಿನ ಅದೇ ಮನೆ. ಯುದ್ಧದ ವರ್ಷಗಳಲ್ಲಿ ಒಂದು ರಾತ್ರಿ ಬಾಡಿಗೆಗೆ ಹೋದವರು ಊಟಕ್ಕೆ ಬರಲಿಲ್ಲ. ಕಾರು ಸಿಕ್ಕಿತು, ಅವರು ಸಿಗಲಿಲ್ಲ. ಹೆಂಡತಿ ತಾನು ಸಾಯುವ ತನಕ ದಿನಾ ರಾತ್ರಿ ಒಂದು ತಟ್ಟೆ ಮುಚ್ಚಿಡುತ್ತಿದ್ದರಂತೆ.

ಅವತ್ತಿನಿಂದ ಕಾರು ಆಯಿಲ್ ಕುಡಿಯುವುದಿಲ್ಲ. ಮಾರ್ಕಂಡು ಎಂಜಿನ್ ಬಿಚ್ಚಿ ನೋಡಿದ. ರಿಂಗು ಅವೇ, ಮೊದಲಿಗಿಂತ ಇನ್ನೂ ಸವೆದಿವೆ. "ಕುಡೀಲೇಬೇಕು ಅಕ್ಕ, ಇದು ಕುಡೀಲೇಬೇಕು," ಎಂದು ಎರಡು ಸಲ ಹೇಳಿ, ಮುಚ್ಚಿ, ಕೂಲಿ ತೆಗೆದುಕೊಳ್ಳದೆ ಹೋದ.

ಈಗ ತವಮಲರ್‌ಗೆ ಆ ಎ-ಫಾರ್ಟಿ ಇದೆ. ಜತೆಗೆ ಒಂದು ವ್ಯಾನು, ಅಂಗಳದಲ್ಲಿ ತಗಡಿನ ಶೆಡ್ಡು, ಗೇಟಿನ ಮೇಲೆ ಅವಳದೇ ಹೆಸರಿನ ಬೋರ್ಡು. ಯಾರ ಹಂಗೂ ಇಲ್ಲ. ಅದಕ್ಕೆ ಏನು ಬೆಲೆ ಕೊಟ್ಟೆ ಅಂತ ಒಂದು ಸಂಜೆ ಬೇಲಿಯ ಆಚೆಯಿಂದ ಕೇಳಿದೆ. ಕಾರು ಒರೆಸುತ್ತಲೇ ಹೇಳಿದಳು. ಮುಂಚೆ ಎಷ್ಟು ರಾತ್ರಿಯಾದರೂ ಆ ಕಾರಿನಲ್ಲಿ ಒಬ್ಬಳೇ ಇದ್ದೀನಿ ಅಂತ ಅನ್ನಿಸುತ್ತಿರಲಿಲ್ಲವಂತೆ. ಈಗ ಅನ್ನಿಸುತ್ತಂತೆ. ವಲ್ಲೈ ದಾಟುವಾಗ ಗಾಳಿಗೆ ಕಾರಿನ ಎಡಭಾಗ ಹಗುರಾಗಿ ಎದ್ದೆದ್ದು ಬೀಳುತ್ತಂತೆ.

ಅದಕ್ಕೇ ಆ ಕಡೆ ಸೀಟಿನ ಮೇಲೆ ಒಂದು ಮೂಟೆ ಮರಳು ಇಟ್ಟುಕೊಂಡು ಓಡಿಸುತ್ತಾಳೆ. ಕತೆ ಕಟ್ಟುತ್ತಿದ್ದೇನೆ ಅನ್ನುವವರು ಬಂದು ನೋಡಲಿ. ಆ ಮೂಟೆಯ ಬಾಯಿ ಹೊಲಿದುಕೊಟ್ಟವಳು ನಾನೇ.