ನಾಲಗೆ ಇಲ್ಲದ ಗಂಟೆ

ಫ್ಯಾಕ್ಟರಿಯಲ್ಲಿ ಕಬ್ಬಿನ ಗಾಡಿ ಖಾಲಿ ಮಾಡಿ ಸಿದರಾಯ ಮನೆಗೆ ಹೊರಟಾಗ ಊರು ಮಲಗಿತ್ತು. ಉಗಾರ ಬುದ್ರುಕದವ, ನಮ್ಮ ಓಣಿಯವನೇ. ಎಂಬತ್ತೆಂಟರ ಚಳಿಗಾಲ. ಆಲದ ಮರದ ಬಾವಿ ಹತ್ತಿರ ಎತ್ತುಗಳು ನಿಂತುಬಿಟ್ಟವು. ಬಾರುಕೋಲಿಗೂ ಜಗ್ಗಲಿಲ್ಲ.

ಆಗ ಬಾವಿಯೊಳಗಿಂದ... ಠಣ್.

ಸಿದರಾಯನ ಕೈ ಉಡದಾರಕ್ಕೆ ಹೋಯಿತು. ಅಲ್ಲಿ ಟ್ರಂಕಿನ ಕೀಲಿ ಇತ್ತು.

ಅವನ ಅವ್ವ ಲಗಮವ್ವನಿಗೆ ಗಂಟಲಲ್ಲಿ ಕ್ಯಾನ್ಸರ್. ದನಿ ಪೂರ್ತಿ ಹೋಗಿತ್ತು. ಮಿರಜದ ಡಾಕ್ಟರು ನೋವಿನ ಔಷಧಿ ಕೊಟ್ಟು ಹೇಳಿದ್ದರು: "ಜಡ್ಡು ಹೋಗೂದಿಲ್ಲಪಾ. ನೋವು ತಡೀಬಹುದು. ಅಕಿ ಒದ್ದಾಡೂತನಕ ಕಾಯಬ್ಯಾಡ, ಹೊತ್ತಹೊತ್ತಿಗೆ ಕೊಡು. ಹತ್ರ ಕುಂದರು."

ನಮ್ಮ ಜಾಣ ಕೇಳಿಸಿಕೊಂಡಿದ್ದು ಮೊದಲ ಮಾತಷ್ಟೇ. ಬಾಟಲಿ ಟ್ರಂಕಿಗೆ ಹೋಯಿತು.

"ಚಟಾ ಹತ್ತತೈತಿ ಅಕಿಗೆ," ಅಂದ ಹೆಂಡತಿಗೆ.

"ಹತ್ತಲಿ ಬಿಡ್ರಿ," ಅಂದಳು ಸುಂದರಾ. "ನಿಮ್ಮವ್ವ ಇನ್ನ ನೂರು ವರ್ಷ ಇರಾಕಿ ಏನು? ಎತ್ತಿನ ಹೆಗಲು ಬಾತರ ಎಣ್ಣಿ ತಿಕ್ಕತೀರಿ. ಹಡದಾಕಿಗೆ ಕೀಲಿ?"

ಬೇಕಾದಾಗ ಕರೆಯಲೆಂದು ಸುಂದರಾ, ಅತ್ತೆ ಮಲಗುವ ಹೊರಸಿಗೆ ಎತ್ತಿನ ಗಂಟೆ ಕಟ್ಟಿದ್ದಳು. ಮುದುಕಿ ನೋವು ತಾಳದೆ ರಾತ್ರಿಯಿಡೀ ಅಲ್ಲಾಡಿಸುತ್ತಿದ್ದಳು. ಏನಿದು ಸಪ್ಪಳ ಅಂತ ಓಣಿಯವರು ಕೇಳತೊಡಗಿದರು. ಸಿದರಾಯನಿಗೆ ನಾಚಿಕೆ. ಅವತ್ತು ಬೆಳಿಗ್ಗೆ ಗಂಟೆಯೊಳಗಿನ ಕಬ್ಬಿಣದ ನಾಲಗೆ ಕಿತ್ತು ಇದೇ ಬಾವಿಗೆ ಒಗೆದಿದ್ದ.

ಠಣ್... ಠಣ್... ನೀರಿನ ಸಪ್ಪಳವಲ್ಲ. ಹಿತ್ತಾಳೆಗೆ ಕಬ್ಬಿಣ ಬಡಿಯುವ ಸಪ್ಪಳ.

"ಅವ್ವಾ?" ಅಂದ, ಪಿಸುದನಿಯಲ್ಲಿ.

ಸಪ್ಪಳ ನಿಂತಿತು.

ಗಾಡಿ ಅಲ್ಲೇ ಬಿಟ್ಟು ಓಡಿದ. ಬಾಗಿಲಲ್ಲಿ ಸುಂದರಾ ಕೂತಿದ್ದಳು. ಅವನು ಉಡದಾರವನ್ನೇ ಹರಿದು ಕೀಲಿ ಚಾಚಿದ.

"ತಗೋ... ಔಷಧಿ ಕೊಡು ಅಕಿಗೆ."

"ಯಾರಿಗೆ ಕೊಡ್ಲಿ?" ಅವಳು ಏಳಲಿಲ್ಲ. "ಈಗಷ್ಟ ಹೋದ್ರು. ಗಂಟಿ ಅಲ್ಲಾಡಿಸಿ ಅಲ್ಲಾಡಿಸಿ ಹೋದ್ರು. ಒಂದು ಸಪ್ಪಳ ಬರಲಿಲ್ರಿ."

ಸಿದರಾಯ ಕೀಲಿ ಹಿಡಿದ ಕೈ ಚಾಚಿಕೊಂಡೇ ನಿಂತಿದ್ದ.

ಬೆಳಿಗ್ಗೆ ಮೈ ತೊಳೆಯಲು ಹೋದ ಹೆಂಗಸರಲ್ಲಿ ನಮ್ಮವ್ವನೂ ಇದ್ದಳು. ಸೆಟೆದ ಬೆರಳು ಬಿಡಿಸಿ ಗಂಟೆ ತೆಗೆದವಳು ಅವಳೇ. ಗಂಟೆಗೆ ನಾಲಗೆ ಇತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು...

ಸುಳ್ಳು ಅನ್ನುವವರು ನಮ್ಮ ಮನೆಗೆ ಬನ್ನಿ. ನಮ್ಮವ್ವ ಅವತ್ತು ಕೈ ಒರೆಸಿಕೊಂಡ ಸೀರೆ ಇನ್ನೂ ಇದೆ. ಸೆರಗಿನಲ್ಲಿ ಬಾವಿ ಪಾಚಿಯ ಹಸಿರು ಕಲೆ. ಎಷ್ಟು ಒಗೆದರೂ ಹೋಗಿಲ್ಲ.